ಕುಮಾನೊ ಕಾಡುದಾರಿ: ನಡೆಯುವವರಿಗೆ ಕೈಪಿಡಿ

ಜಪಾನಿನ ಕೀ ಪರ್ಯಾಯದ್ವೀಪದ ಬೆಟ್ಟಗಳಲ್ಲಿ ಹೊಂಗು, ಹಯತಮ, ನಾಚಿ ಎಂಬ ಮೂರು ದೊಡ್ಡ ಗುಡಿಗಳಿವೆ. ಅವನ್ನು ಸೇರುವ ಹಳೆಯ ದಾರಿಗಳೇ ಕುಮಾನೊ ಕೊಡೊ. ಯಾತ್ರಿಕರ ಸಾಲು ಕಂಡು ‘ಇರುವೆಗಳ ಕುಮಾನೊ ಯಾತ್ರೆ’ ಎಂಬ ಮಾತೇ ಅಲ್ಲಿ ಹುಟ್ಟಿತ್ತು. 2004ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮೊದಲ ಸಲ ಹೋಗುವವರು ನಾಕಾಹೆಚಿ ದಾರಿ ಹಿಡಿಯಿರಿ. ತಕಿಜಿರಿಯಿಂದ ಹೊಂಗುವರೆಗೆ ಸುಮಾರು 38 ಕಿ.ಮೀ. ಗಟ್ಟಿಗರು ಎರಡು ದಿನದಲ್ಲಿ ಮುಗಿಸುತ್ತಾರೆ. ಮೂರು ದಿನ ಇಟ್ಟುಕೊಂಡರೆ ಕಾಡು ನೋಡಲೂ ಬಿಡುವು ಸಿಗುತ್ತದೆ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ. ವಸಂತ ಅಥವಾ ನವೆಂಬರ್ ಒಳ್ಳೆಯದು. ಜೂನ್‌ನಲ್ಲಿ ಮಳೆ, ಸೆಪ್ಟೆಂಬರ್‌ನಲ್ಲಿ ಚಂಡಮಾರುತದ ಭಯ. ದಾರಿಯ ಹಳ್ಳಿಗಳಲ್ಲಿ ತಂಗುಮನೆಗಳು ಕೆಲವೇ; ಕೋಣೆ ಸಿಕ್ಕಿದ ಮೇಲೆಯೇ ವಿಮಾನದ ಟಿಕೆಟ್ ತೆಗೆಯಿರಿ. ಸಸ್ಯಾಹಾರಿಗಳು ಕೋಣೆ ಕಾಯ್ದಿರಿಸುವಾಗಲೇ ಅದನ್ನು ಬಿಡಿಸಿ ಹೇಳಬೇಕು. ತರಕಾರಿ ಸಾರಿಗೂ ಅಲ್ಲಿ ಒಣಮೀನಿನ ರಸವೇ ಬುನಾದಿ. ಕೈಯಲ್ಲಿ ನಗದು ಇರಲಿ.

ಒಸಾಕಾದಿಂದ ಕುರೊಶಿಯೊ ರೈಲಿನಲ್ಲಿ ಕೀ-ತನಾಬೆಗೆ, ಅಲ್ಲಿಂದ ಬಸ್ಸಿನಲ್ಲಿ ತಕಿಜಿರಿಗೆ.

ತಕಿಜಿರಿಯ ಗುಡಿಯ ಹಿಂದಿನಿಂದಲೇ ಏರು ಶುರು. ದೇವದಾರುಗಳ ಬೇರುಗಳು ಹೆಣೆದುಕೊಂಡು ಮೆಟ್ಟಿಲಾಗಿವೆ. ಒದ್ದೆಯಾದರೆ ಜಾರುತ್ತವೆ, ಹಿಡಿತವಿರುವ ಬೂಟು ಬೇಕೇ ಬೇಕು. ಈ ಮೊದಲ ಗಂಟೆಯಲ್ಲಿ ಆತುರ ಬೇಡ, ಉಸಿರು ಉಳಿಸಿಕೊಳ್ಳಿ. ಪ್ರತಿ 500 ಮೀಟರಿಗೆ ಅಂಕಿ ಬರೆದ ಕಂಬವಿದೆ. ನಡುನಡುವೆ ಸಿಗುವ ಚಿಕ್ಕ ಗುಡಿಗಳಿಗೆ ‘ಓಜಿ’ ಎನ್ನುತ್ತಾರೆ. ಪಕ್ಕದ ಮರದ ಪೆಟ್ಟಿಗೆಯಲ್ಲಿ ಮುದ್ರೆ ಇರುತ್ತದೆ, ನಿಮ್ಮ ಯಾತ್ರಾ ಪುಸ್ತಕದಲ್ಲಿ ನೀವೇ ಒತ್ತಿಕೊಳ್ಳಬೇಕು. ಮೊದಲ ರಾತ್ರಿಗೆ ತಕಹರ ಅಥವಾ ಚಿಕತ್ಸುಯು ಹಳ್ಳಿ.

ಕಾಲು ಸೋತರೆ ನಡುವಿನಲ್ಲಿ ಬಸ್ಸು ಹತ್ತಿ, ತಪ್ಪಿಲ್ಲ. ಆದರೆ ಹೊಶ್ಶಿನ್‌ಮೊನ್‌ನಿಂದ ಹೊಂಗುವಿಗೆ ಕೊನೆಯ ಏಳು ಕಿ.ಮೀ. ಮಾತ್ರ ನಡೆದೇ ಹೋಗಿ. ನಡುವೆ ಫುಶಿಒಗಾಮಿ ಎಂಬ ಜಾಗವಿದೆ. ದಿನಗಟ್ಟಲೆ ನಡೆದವರಿಗೆ ಹೊಂಗು ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅಲ್ಲಿಂದ. ಕಂಡೊಡನೆ ಮೊಣಕಾಲೂರಿ ಕೈಮುಗಿಯುತ್ತಿದ್ದರಂತೆ, ಹೆಸರಿನ ಅರ್ಥವೂ ಅದೇ.

ಹೊಂಗುವಿನಲ್ಲಿ ಕೈ, ಬಾಯಿ ತೊಳೆದು, ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಿ. ಬಳಿಕ ಕೆಳಗಿನ ಒಯುನೊಹರಕ್ಕೆ ಇಳಿಯಿರಿ. 1889ರ ನೆರೆ ಕೊಚ್ಚುವವರೆಗೆ ಗುಡಿ ಇದ್ದದ್ದು ಆ ಹೊಳೆದಂಡೆಯಲ್ಲಿ. ಈಗ ಸುಮಾರು 34 ಮೀಟರ್ ಎತ್ತರದ ತೊರಿಯಿ ಮಹಾದ್ವಾರ ನಿಂತಿದೆ.

ಸಂಜೆಗೆ ಹತ್ತಿರದ ಯುನೊಮಿನೆ ಬಿಸಿನೀರ ಬುಗ್ಗೆಗೆ ಹೋಗಿ. ಯಾತ್ರಿಕರು ಮೈ ಶುದ್ಧಿ ಮಾಡಿಕೊಳ್ಳುತ್ತಿದ್ದ ತ್ಸುಬೊಯು ಎಂಬ ಪುಟ್ಟ ಸ್ನಾನದ ತೊಟ್ಟಿ ಇರುವುದು ಅಲ್ಲೇ. ಇಬ್ಬರು ಮೂವರು ಕೂರುವಷ್ಟೇ ಜಾಗ, ಸರದಿಯ ಚೀಟಿ ತೆಗೆದುಕೊಂಡು ಕಾಯಿರಿ. ಹೊರಗೆ ಕುದಿಯುವ ಊಟೆಯೊಂದಿದೆ. ಊರಿನವರು ಬಲೆಚೀಲದಲ್ಲಿ ಮೊಟ್ಟೆ, ಗೆಣಸು ಇಳಿಬಿಟ್ಟು ಬೇಯಿಸಿಕೊಳ್ಳುತ್ತಾರೆ.