ರಾಸಾಯನಿಕ ಅವಘಡಕ್ಕೆ ಬಡಾವಣೆಯ ಸಿದ್ಧತೆ: ಸರ್ಕಾರದ ನೆರವು ಪಡೆಯುವ ಬಗೆ

ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ನಿವಾಸಿಗಳ ಸಂಘವು, ಸುತ್ತಲಿನ ಯಾವ ಕಾರ್ಖಾನೆಯಲ್ಲಿ ಯಾವ ಅಪಾಯಕಾರಿ ರಾಸಾಯನಿಕವಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಭೋಪಾಲ್ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಸೇರಿದ 41ಬಿ ಕಲಮು, ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆಗಳು ನೆರೆಹೊರೆಯ ಜನರಿಗೂ ಮಾಹಿತಿ ನೀಡಬೇಕೆಂದು ವಿಧಿಸಿತು. ಕಾರ್ಖಾನೆಯ ಗೇಟಿನಲ್ಲಿ ವಿಚಾರಿಸಿದರೆ ಉತ್ತರ ಸಿಗುವುದು ಅಪರೂಪ. ಆದ್ದರಿಂದ ರಾಜ್ಯದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿಯನ್ನು ತಪ್ಪದೆ ಪಡೆಯಿರಿ.

ಮುಂದಿನ ಹೆಜ್ಜೆ ಜಿಲ್ಲಾಧಿಕಾರಿಗಳ ಕಚೇರಿ. 1996ರ ರಾಸಾಯನಿಕ ಅಪಘಾತ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ ಮತ್ತು ಸ್ಥಳೀಯ ಮಟ್ಟಗಳಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪುಗಳನ್ನು ರಚಿಸಲು ಸೂಚಿಸುತ್ತವೆ. ಕಾರ್ಖಾನೆಯ ಹೊರಗಿನ ಪ್ರದೇಶಕ್ಕಾಗಿ ರೂಪಿಸುವ ತುರ್ತು ಯೋಜನೆಯಲ್ಲಿ ನಿಮ್ಮ ಬಡಾವಣೆ ಸೇರಿದೆಯೇ, ಮುಂದಿನ ಅಣಕು ಕಾರ್ಯಾಚರಣೆ ಯಾವಾಗ ಎಂಬೆರಡನ್ನೂ ಕೇಳಿ, ಅದರಲ್ಲಿ ನಿವಾಸಿಗಳನ್ನೂ ಸೇರಿಸಿಕೊಳ್ಳುವಂತೆ ಕೋರಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಮೊರೆ ಹೋಗಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಮಾಹಿತಿ ನೀಡಬೇಕಾಗುತ್ತದೆ.

ಅಣಕು ಕಾರ್ಯಾಚರಣೆಯಲ್ಲಿ ಅನಿಲದ ಸ್ವಭಾವವನ್ನು ಅಧಿಕಾರಿಗಳಿಂದ ಬಿಡಿಸಿ ಕೇಳಿಕೊಳ್ಳಿ. ಕ್ಲೋರಿನ್ ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ ತಂಗುತ್ತದೆ. ಆಗ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿಯುವುದು ಅಪಾಯ. ತುರ್ತು ಕರೆಗೆ 112.