ಯಾರ ಹಡಗು, ಯಾರ ಮಾತು

ಪತ್ರಿಕೆಯೊಂದರಲ್ಲಿ ವಿದೇಶ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸ. ಹಡಗಿನ ಅವಘಡದ ಸುದ್ದಿ ಬಂದರೆ ನಾನು ಬೇಗ ನಂಬುವುದಿಲ್ಲ. ರಸ್ತೆಯಲ್ಲಿ ಅಪಘಾತವಾದರೆ ಕಂಡವರು ಸಿಗುತ್ತಾರೆ, ವರದಿಗಾರ ಸ್ಥಳಕ್ಕೆ ಹೋಗುತ್ತಾನೆ. ನಡುಗಡಲಿನಲ್ಲಿ ನಡೆದದ್ದನ್ನು ಕಂಡವರು ಬಹುತೇಕ ಆ ಹಡಗಿನ ಸಿಬ್ಬಂದಿ ಮಾತ್ರ. ಅವರ ದನಿ ನಮಗೆ ಕೇಳಿಸುವುದೇ ಅಪರೂಪ. ಮಾಲೀಕರು, ನೌಕಾಪಡೆಗಳು, ಭದ್ರತಾ ಸಲಹಾ ಸಂಸ್ಥೆಗಳು ಹೇಳಿದ್ದೇ ಸುದ್ದಿ.

ಮೊದಲು ನೋಡುವುದು ಹಡಗಿಗೆ ಅಂಟಿಸಿದ ದೇಶದ ಹೆಸರನ್ನು. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂಥಿ ಬಂಡುಕೋರರು ‘ಗ್ಯಾಲಕ್ಸಿ ಲೀಡರ್’ ಹಡಗನ್ನು ವಶಪಡಿಸಿಕೊಂಡು, ಇದು ಇಸ್ರೇಲಿನ ಹಡಗು ಎಂದರು. ಅಲ್ಲ, ಬ್ರಿಟಿಷ್ ಕಂಪನಿಯ ಹಡಗು, ನಡೆಸುತ್ತಿರುವುದು ಜಪಾನಿನ ಸಂಸ್ಥೆ ಎಂದಿತು ಇಸ್ರೇಲ್. ಹಡಗಿನ ಮೇಲಿದ್ದದ್ದು ಬಹಾಮಾಸ್ ಧ್ವಜ, ಅಂದರೆ ಹಡಗಿನ ನೋಂದಣಿ ಅಲ್ಲಿಯದು. ಮಾಲೀಕ ಕಂಪನಿ ನೋಂದಣಿಯಾಗಿದ್ದದ್ದು ಬ್ರಿಟನ್ ಪಕ್ಕದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ, ಆದರೆ ಅದರ ನಂಟು ಇಸ್ರೇಲಿ ಉದ್ಯಮಿಯೊಬ್ಬರಿಗೆ. 25 ಮಂದಿ ಸಿಬ್ಬಂದಿಯಲ್ಲಿ ಇಸ್ರೇಲಿಗಳು ಒಬ್ಬರೂ ಇರಲಿಲ್ಲ. ಎರಡೂ ಕಡೆಯವರು ತಮಗೆ ಬೇಕಾದ ಎಳೆಯನ್ನಷ್ಟೇ ಎತ್ತಿ ಹಿಡಿದಿದ್ದರು. ಇಂಥ ಸುದ್ದಿಯಲ್ಲಿ ಧ್ವಜ, ಮಾಲೀಕರು, ನಡೆಸುವವರು, ಸಿಬ್ಬಂದಿ, ಈ ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯುತ್ತೇನೆ. ಜಾಗ ಸಾಲದಿದ್ದರೆ ಶೀರ್ಷಿಕೆಯಿಂದ ದೇಶದ ಹೆಸರನ್ನೇ ತೆಗೆದುಬಿಡುತ್ತೇನೆ. ಶೀರ್ಷಿಕೆ ಸಪ್ಪೆಯಾಯಿತು ಎಂಬ ಗೊಣಗಾಟ ಇದ್ದದ್ದೇ.

ಆಮೇಲೆ ಹಡಗಿನ ಗುರುತು. ಹೆಸರು ಬದಲಾಗುತ್ತದೆ, ಧ್ವಜ ಬದಲಾಗುತ್ತದೆ. ಅಂತರರಾಷ್ಟ್ರೀಯ ಕಡಲ ಸಂಘಟನೆಯ (ಐಎಂಒ) ಹೆಸರಿನ ಏಳು ಅಂಕಿಯ ಗುರುತಿನ ಸಂಖ್ಯೆ ಮಾತ್ರ ಹಡಗು ಗುಜರಿ ಸೇರುವವರೆಗೂ ಅದೇ. ಸೂಯೆಜ್ ಕಾಲುವೆಯಲ್ಲಿ 2021ರ ಮಾರ್ಚ್‌ನಲ್ಲಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನದು 9811000. ಸಂಖ್ಯೆ ಸರಿಯೇ ಎಂದು ನೋಡಲು ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿದರೆ 120; ಅದರ ಕೊನೆಯ ಅಂಕಿ ಸೊನ್ನೆ, ಸಂಖ್ಯೆಯ ಏಳನೆಯ ಅಂಕಿಯೂ ಸೊನ್ನೆ. ತಾಳೆಯಾಗದಿದ್ದರೆ ಸಂಖ್ಯೆ ತಪ್ಪು. ಅಂದ ಹಾಗೆ, ಆ ಹಡಗಿನ ಪಕ್ಕದಲ್ಲಿ ದೊಡ್ಡದಾಗಿ ಬರೆದಿದ್ದ ‘ಎವರ್‌ಗ್ರೀನ್’ ಕಂಪನಿಯ ಹೆಸರನ್ನೇ ಹಡಗಿನ ಹೆಸರೆಂದು ತಿಳಿದವರು ಬಹಳ.

ಅದೇ ಪ್ರಕರಣದಲ್ಲಿ ದಿನಕ್ಕೆ 960 ಕೋಟಿ ಡಾಲರ್ ನಷ್ಟ ಎಂಬ ಅಂಕಿ ಎಲ್ಲೆಡೆ ಓಡಾಡಿತು. ಅದು ಹಡಗು ಉದ್ಯಮದ ಸುದ್ದಿಪತ್ರಿಕೆ ‘ಲಾಯ್ಡ್ಸ್ ಲಿಸ್ಟ್’ ಮಾಡಿದ ಅಂದಾಜು. ಕಾಲುವೆಯಲ್ಲಿ ದಿನವೊಂದಕ್ಕೆ ಸಾಗಬೇಕಿದ್ದ ಸರಕಿನ ಮೌಲ್ಯ. ತಡವಾಗಿ ತಲುಪಿದ ಸರಕೆಲ್ಲ ಕಳೆದುಹೋದ ಸರಕಲ್ಲ. ದುಡ್ಡಿನ ಅಂಕಿ ಕಂಡಾಗ ಅದು ಮೌಲ್ಯವೋ, ವಿಮೆಯ ಬೇಡಿಕೆಯೋ, ನಿಜವಾದ ನಷ್ಟವೋ ಎಂದು ತಿಳಿಯದೆ ನಾನು ಮುಂದೆ ಬಿಡುವುದಿಲ್ಲ. ತಪ್ಪು ಯಾರ ತಲೆಗೆ ಕಟ್ಟಲಾಗಿದೆ ಎಂಬುದನ್ನೂ ಇಷ್ಟೇ ಬಿಗಿಯಾಗಿ ನೋಡಬೇಕು. ಈಜಿಪ್ಟಿನ ಹಡಗು ಅಧಿಕಾರಿ ಮರ್ವಾ ಎಲ್ಸೆಲೆಹ್ದಾರ್ ಅವರಿಂದಲೇ ಹಡಗು ಸಿಕ್ಕಿಕೊಂಡಿತೆಂದು ನಕಲಿ ಸುದ್ದಿಯ ಚಿತ್ರವೊಂದು ಹರಡಿತ್ತು. ಅವರು ಆಗ ಅಲೆಕ್ಸಾಂಡ್ರಿಯಾದಲ್ಲಿ ಬೇರೊಂದು ಹಡಗಿನ ಕೆಲಸದಲ್ಲಿದ್ದರು.

ಇನ್ನೊಂದು ವಿಷಯ ಗಡಿಯಾರ: ಮೊದಲ ಸುದ್ದಿಗೂ ಕಾರಣ ತಿಳಿಯುವುದಕ್ಕೂ ನಡುವೆ ಹೊತ್ತು ಬೇಕು. ಮಧ್ಯಪ್ರಾಚ್ಯದ ಕಡಲಿನ ಮೊದಲ ಎಚ್ಚರಿಕೆ ಹೆಚ್ಚಾಗಿ ಬರುವುದು ವ್ಯಾಪಾರಿ ಹಡಗುಗಳಿಗೆ ಅಪಾಯದ ಸೂಚನೆ ಕೊಡುವ ಬ್ರಿಟನ್ನಿನ ಯುಕೆಎಂಟಿಒ ಕೇಂದ್ರದಿಂದ. ಅದರಲ್ಲಿ ಸ್ಥಳ, ದೂರ, ತನಿಖೆ ನಡೆಯುತ್ತಿದೆ ಎಂಬ ಸಾಲು ಇರುತ್ತದೆ. ಹಡಗಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಆ ಖಾಲಿ ಜಾಗವನ್ನು ಊಹೆ ತುಂಬುತ್ತದೆ. 2025ರ ಜೂನ್ 17ರಂದು, ಇಸ್ರೇಲ್–ಇರಾನ್ ಯುದ್ಧದ ನಡುವೆ, ಹೊರ್ಮುಜ್ ಜಲಸಂಧಿಯ ಹತ್ತಿರ ತೈಲ ಟ್ಯಾಂಕರಿಗೆ ಬೆಂಕಿ ಎಂಬ ಸುದ್ದಿ ಬಂದಾಗ ದಾಳಿ ಎಂದು ಬರೆಯಲು ಯಾರ ಕೈ ತಾನೇ ತುಡಿಯದು? ನಿಜದಲ್ಲಿ ‘ಫ್ರಂಟ್ ಈಗಲ್’ ಮತ್ತು ‘ಅಡಲಿನ್’ ಎಂಬ ಎರಡು ಟ್ಯಾಂಕರ್‌ಗಳು ಡಿಕ್ಕಿಯಾಗಿದ್ದವು. ಸಂಚಾರದ ಅಂದಾಜು ತಪ್ಪಿದ್ದೇ ಕಾರಣ ಎಂದು ಯುಎಇ ಹೇಳಿತು. ಹಾಗೆಂದು ಹಡಗುಗಳು ಎಲ್ಲಿವೆ ಎಂದು ತೋರಿಸುವ ನಕ್ಷೆಯನ್ನೂ ಕಣ್ಣು ಮುಚ್ಚಿ ನಂಬುವಂತಿರಲಿಲ್ಲ: ಜಿಪಿಎಸ್ ಸಂಕೇತಗಳಿಗೆ ಅಡ್ಡಿಯಾಗುತ್ತಿದ್ದುದರಿಂದ ಆ ದಿನಗಳಲ್ಲಿ ಹಡಗುಗಳು ನೆಲದ ಮೇಲೆ ನಿಂತಂತೆ ಕಾಣುತ್ತಿದ್ದವು. ‘ಬೆಂಕಿ’ ಖಚಿತವಾಗಿದ್ದರೆ ಬೆಂಕಿ ಎಂದಷ್ಟೇ ಬರೆಯುತ್ತೇನೆ. ಕಾರಣ ಹೇಳಿದವರ ಹೆಸರನ್ನು ಕಾರಣದ ಪಕ್ಕದಲ್ಲೇ ಇಡುತ್ತೇನೆ, ಕೊನೆಯ ಪ್ಯಾರಾದಲ್ಲಿ ಬಚ್ಚಿಡುವುದಿಲ್ಲ.

ತನಿಖಾ ವರದಿ ಬರುವ ಹೊತ್ತಿಗೆ ಸುದ್ದಿಮನೆಗೆ ಆಸಕ್ತಿ ಬತ್ತಿರುತ್ತದೆ. ಬಾಲ್ಟಿಮೋರ್‌ನಲ್ಲಿ 2024ರ ಮಾರ್ಚ್ 26ರಂದು ‘ಡಾಲಿ’ ಹಡಗು ಬಡಿದು ಸೇತುವೆ ಕುಸಿದು ಆರು ಕಾರ್ಮಿಕರು ಸತ್ತಾಗ, ಸೈಬರ್ ದಾಳಿಯ ಗುಲ್ಲು ಆ ದಿನವೇ ಎದ್ದಿತ್ತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್‌ನಲ್ಲಿ ಬೊಟ್ಟು ಮಾಡಿದ್ದು ಸಡಿಲವಾಗಿದ್ದ ಒಂದು ವಿದ್ಯುತ್ ತಂತಿಯ ಕಡೆಗೆ: ಲೇಬಲ್ ಅಡ್ಡವಾಗಿ ಅದು ಪೂರ್ತಿ ಒಳಗೆ ಕೂತಿರಲಿಲ್ಲ. ಇಂಥ ವರದಿಗಳಿಗಾಗಿ ದೊಡ್ಡ ಅವಘಡಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದೇನೆ. ವರದಿ ಬಂದ ದಿನ ಒಳಪುಟದಲ್ಲಾದರೂ ಒಂದಿಷ್ಟು ಜಾಗ ಕೇಳಿ ಜಗಳವಾಡುತ್ತೇನೆ.