ವೈರ್ ಎಳೆಯಬೇಕೋ, ಮೆಶ್ ವೈಫೈ ಸಾಕೋ?

ಮಹಡಿಯ ಕೋಣೆಗೆ ವೈಫೈ ತಲುಪುತ್ತಿಲ್ಲ ಎಂದು ಎರಡು ಮೆಶ್ ಡಬ್ಬಿ (ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸಿ ಮನೆಯಲ್ಲೆಲ್ಲ ಹರಡುವ ಪೆಟ್ಟಿಗೆಗಳು) ತಂದೆ. ಒಂದನ್ನು ರೂಟರ್ ಜಾಗದಲ್ಲಿ, ಇನ್ನೊಂದನ್ನು ಆ ಕೋಣೆಯ ಮೇಜಿನ ಮೇಲೇ ಇಟ್ಟೆ. ಮೊಬೈಲಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿಕೊಂಡವು. ವಿಡಿಯೊ ಕರೆ ಮಾತ್ರ ಮೊದಲಿನ ಹಾಗೇ ಮುಗ್ಗರಿಸುತ್ತಿತ್ತು. ತಪ್ಪು ಡಬ್ಬಿಯದಲ್ಲ, ನನ್ನದು. ಆ ಗೆರೆಗಳು ಮೊಬೈಲಿಗೂ ಪಕ್ಕದ ಡಬ್ಬಿಗೂ ಇರುವ ನಂಟನ್ನಷ್ಟೇ ಹೇಳುತ್ತವೆ. ಆ ಡಬ್ಬಿಗೂ ಕೆಳಗಿರುವ ಡಬ್ಬಿಗೂ ನಡುವಿನ ದಾರಿ ಹೇಗಿದೆ ಎಂದು ಹೇಳುವುದೇ ಇಲ್ಲ. ವೈರೋ ಮೆಶ್ಶೋ ಎಂಬುದು ತೀರ್ಮಾನವಾಗಬೇಕಿರುವುದು ಆ ದಾರಿಯಲ್ಲಿ.

ಮೊದಲು ಅಳೆಯಿರಿ

ಏನನ್ನೂ ಕೊಳ್ಳುವ ಮುನ್ನ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲೇ ವೇಗ ಬರುತ್ತಿಲ್ಲವೆಂದರೆ ತೊಂದರೆ ಹೆಚ್ಚಾಗಿ ಹೊರಗಿನ ಲೈನಿನದ್ದು ಅಥವಾ ರೂಟರಿನದ್ದು. ಮೆಶ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಅಲ್ಲಿ ಸರಿಯಿದ್ದರೆ ವೈಫೈನಲ್ಲಿ ಪ್ರತಿ ಕೋಣೆಯಲ್ಲೂ ಒಮ್ಮೊಮ್ಮೆ ಟೆಸ್ಟ್ ಮಾಡಿ ಬರೆದಿಟ್ಟುಕೊಳ್ಳಿ. ರೂಟರ್ ಕಪಾಟಿನೊಳಗೋ ಟಿವಿಯ ಹಿಂದೋ ಅಡಗಿದ್ದರೆ ಮನೆಯ ನಡುವೆ, ಸ್ವಲ್ಪ ಎತ್ತರದಲ್ಲಿಟ್ಟು ಮತ್ತೆ ಅಳೆಯಿರಿ. ಖರ್ಚಿಲ್ಲದ ಕೆಲಸ, ಬಹುಶಃ ಅದಕ್ಕೇ ಯಾರೂ ಮಾಡುವುದಿಲ್ಲ.

ಯಾವುದು ಕೂತಲ್ಲೇ ಇರುತ್ತದೆ?

ಈಗ ಮನೆಯ ಉಪಕರಣಗಳನ್ನು ಎರಡು ಗುಂಪು ಮಾಡಿ. ಟಿವಿ, ಡೆಸ್ಕ್‌ಟಾಪ್, ಗೇಮ್ ಕನ್ಸೋಲ್, ಗೋಡೆಯ ಕ್ಯಾಮೆರಾ ಇವು ಜಾಗ ಬಿಟ್ಟು ಕದಲುವುದಿಲ್ಲ. ಇವುಗಳಿಗೆ ಆದಷ್ಟು ವೈರ್ ಕೊಡಿ. ಮೊಬೈಲು, ಟ್ಯಾಬ್ ಓಡಾಡುತ್ತಿರುತ್ತವೆ, ಅವಕ್ಕೆ ವೈಫೈ. ಕೂತಲ್ಲೇ ಇರುವವು ಗಾಳಿಯಿಂದ ಇಳಿದರೆ ಉಳಿದವಕ್ಕೆ ಜಾಗ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಟಿವಿಗೊಂದು ಕೇಬಲ್ ಹಾಕಿದರೆ ಸಾಕು, ಮೆಶ್ ಮಾತೇ ಬರುವುದಿಲ್ಲ.

ಯಾಕೆ ಹೀಗೆ? ಕೇಬಲ್‌ನಲ್ಲಿ ಹೋಗುವುದು ಬರುವುದು ಒಟ್ಟಿಗೇ ನಡೆಯುತ್ತದೆ. ವೈಫೈನಲ್ಲಿ ಒಂದು ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಮೆಶ್‌ನಲ್ಲಿ ಇದು ಇನ್ನೂ ಜಾಸ್ತಿ. ಮೊಬೈಲಿನಿಂದ ಡಬ್ಬಿಗೆ, ಆ ಡಬ್ಬಿಯಿಂದ ಮುಂದಿನ ಡಬ್ಬಿಗೆ, ಹೀಗೆ ಒಂದೇ ಮಾತನ್ನು ಎರಡೆರಡು ಸಲ ಗಾಳಿಗೆ ಬಿಡಬೇಕು. ಎರಡಕ್ಕೂ ಒಂದೇ ರೇಡಿಯೊ (ಡಬ್ಬಿಯೊಳಗೆ ಸಿಗ್ನಲ್ ಕಳಿಸಿ ಪಡೆಯುವ ಭಾಗ) ಇದ್ದರೆ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೂರು ರೇಡಿಯೊ ಇರುವ ಟ್ರೈ ಬ್ಯಾಂಡ್ ಮಾದರಿಗಳಲ್ಲಿ ಸಾಮಾನ್ಯವಾಗಿ ಡಬ್ಬಿಗಳ ನಡುವಿನ ಮಾತಿಗೇ ಒಂದು ರೇಡಿಯೊ ಬಿಡಬಹುದು. ಅದು ಒಳ್ಳೆಯದೇ, ಆದರೆ ಗೋಡೆಯೇನೂ ಕರಗುವುದಿಲ್ಲವಲ್ಲ. ವೈಫೈ ಅಲೆಗಳಲ್ಲಿ 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ನಿಧಾನ, ಗದ್ದಲವೂ ಜಾಸ್ತಿ. 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ಕಂಡರೆ ಸೊರಗುತ್ತದೆ. 6 ಗಿಗಾಹರ್ಟ್ಸ್ ಇನ್ನೂ ಬೇಗ ಸೊರಗುತ್ತದೆ. ಕಬ್ಬಿಣ ಹಾಕಿದ ಕಾಂಕ್ರೀಟ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಇವು ದೊಡ್ಡ ಶತ್ರುಗಳು.

ಮೆಶ್ ಇಡುವುದಾದರೆ

ಸಿಗ್ನಲ್ ಸತ್ತ ಕೋಣೆಯಲ್ಲಿ ಡಬ್ಬಿ ಇಡಬೇಡಿ. ಅದಕ್ಕೂ ರೂಟರ್‌ಗೂ ನಡುವೆ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಇಡಿ. ನಾನು ಎಡವಿದ್ದು ಇಲ್ಲೇ. ಸಿಗ್ನಲ್ ಅಳೆಯುವ ಆ್ಯಪ್‌ಗಳು ಬಲವನ್ನು ಮೈನಸ್ ಅಂಕಿಯಲ್ಲಿ ತೋರಿಸುತ್ತವೆ. ಡಬ್ಬಿ ಇಡುವ ಜಾಗದಲ್ಲಿ ಅದು ಮೈನಸ್ 50ರಿಂದ 65ರೊಳಗೆ ಇದ್ದರೆ ಸರಿ, ಮೈನಸ್ 70 ದಾಟಿ ಕೆಳಗಿಳಿದರೆ ಡಬ್ಬಿಯನ್ನು ರೂಟರ್ ಹತ್ತಿರಕ್ಕೆ ತನ್ನಿ. ಒಂದರ ಹಿಂದೆ ಒಂದು ಸರಪಳಿ ಕಟ್ಟಬೇಡಿ, ಪ್ರತಿ ಡಬ್ಬಿಯೂ ನೇರ ಮುಖ್ಯ ಡಬ್ಬಿಯ ಜೊತೆ ಮಾತಾಡುವಂತಿರಲಿ.

ವೈರ್ ಎಳೆಯುವುದಾದರೆ

ನೆಟ್ವರ್ಕ್ ಕೇಬಲ್ಲಿನ ದರ್ಜೆಗಳಲ್ಲಿ ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಗಿಗಾಬಿಟ್ ಒಯ್ಯುತ್ತದೆ, ಇರುವುದನ್ನು ಕಿತ್ತುಹಾಕಬೇಡಿ. ಹೊಸದಾಗಿ ಎಳೆಯುವಾಗ ಕ್ಯಾಟ್ 6 ಹಾಕಿ. ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ತಾಳುತ್ತದೆ. ಪೂರ್ತಿ ತಾಮ್ರದ್ದೇ ಇರಲಿ. ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಕರೆಂಟಿನ ವೈರ್ ಇರುವ ಪೈಪಿನೊಳಗೆ ಇದನ್ನು ತೂರಿಸಬೇಡಿ. ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ. ಒಂದು ಬೇಕೆಂದಿರುವ ಕಡೆ ಎರಡು ಎಳೆಯಿರಿ. ಕಷ್ಟ ಎಳೆಯುವುದರಲ್ಲಿದೆ, ಇನ್ನೊಂದು ಕೇಬಲ್‌ನಲ್ಲಿ ಅಲ್ಲ. ಪೈಪಿನಲ್ಲಿ ಒಂದು ದಾರವನ್ನೂ ಬಿಟ್ಟಿರಿ, ಮುಂದೆ ಎಳೆಯುವವರು ನಿಮ್ಮನ್ನು ನೆನೆಯುತ್ತಾರೆ.

ಗೋಡೆ ಒಡೆಯುವಂತಿಲ್ಲವೇ? ಚಪ್ಪಟೆ ಕೇಬಲನ್ನು ಗೋಡೆಯಂಚಿನಲ್ಲಿ ಓಡಿಸಬಹುದು. ಹಳೆಯ ಕೇಬಲ್ ಟಿವಿಯ ತಂತಿ ಗೋಡೆಯೊಳಗಿದ್ದರೆ ಟಿವಿ ತಂತಿಯಲ್ಲಿ ಇಂಟರ್ನೆಟ್ ಓಡಿಸುವ ಮೋಕಾ ಅಡಾಪ್ಟರ್ ಹಾಕಿ ಅದನ್ನೇ ಬಳಸಬಹುದು. ಕರೆಂಟಿನ ವೈರಿನಲ್ಲೇ ಇಂಟರ್ನೆಟ್ ಓಡಿಸುವ ಪವರ್‌ಲೈನ್ ಅಡಾಪ್ಟರ್ ಒಂದು ಮನೆಯಲ್ಲಿ ಓಡುತ್ತದೆ, ಇನ್ನೊಂದರಲ್ಲಿ ತೆವಳುತ್ತದೆ. ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಾದರೆ ಮಾತ್ರ ಕೊಳ್ಳಿ.

ನಾನು ಕೊನೆಗೆ ಎರಡನ್ನೂ ಕೂಡಿಸಿದೆ. ಮಹಡಿಗೆ ಒಂದೇ ಕೇಬಲ್ ಎಳೆದು, ಅದರ ತುದಿಗೆ ಆ ಮೆಶ್ ಡಬ್ಬಿಯನ್ನೇ ಸಿಕ್ಕಿಸಿದೆ. ಈಗ ಡಬ್ಬಿಗಳ ನಡುವಿನ ಮಾತು ವೈರಿನಲ್ಲಿ, ಮೊಬೈಲಿನ ಮಾತು ಗಾಳಿಯಲ್ಲಿ. ನನ್ನನ್ನು ಕೇಳಿದರೆ ದೊಡ್ಡ ಮನೆಗೆ ಇದೇ ಸರಿ. ಕೆಲವು ಮೆಶ್ ಡಬ್ಬಿಗಳಿಗೆ ಕೇಬಲ್ ಪೋರ್ಟೇ ಇರುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ.

ಕೇಬಲ್ ಹಾಕಿದ ಮೇಲೆ ಲಿಂಕ್ ವೇಗ ಎಷ್ಟು ಮೆಗಾಬಿಟ್ ತೋರಿಸುತ್ತದೆ ಎಂದೂ ನೋಡಿ. ನನ್ನದು ಮೊದಲ ದಿನ 1000 ಬದಲು 100 ಎಂದಿತು. 100ಕ್ಕೆ 2 ಜೋಡಿ ತಂತಿ ಸಾಕು, 1000ಕ್ಕೆ 4 ಜೋಡಿಯೂ ಬೇಕು. ಬಿಚ್ಚಿ ನೋಡಿದರೆ ಕಂದು ತಂತಿಯೊಂದು ಪ್ಲಗ್ಗಿನ ತುದಿ ಮುಟ್ಟಿರಲಿಲ್ಲ. ಆ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದೆ (ಪ್ಲಗ್ಗನ್ನು ಒತ್ತಿ ಕೂರಿಸಿದೆ), 1000 ಬಂತು.